ಹೊಸ ಓಣಿಗೆ ನಳದ ನೀರು



ಊರು ಬೆಳೆಯುತ್ತದೆ. ಅಣ್ಣತಮ್ಮಂದಿರು ಬೇರೆಯಾಗುತ್ತಾರೆ, ಊರ ಹೊರಗೆ ಪ್ಲಾಟುಗಳು ಬೀಳುತ್ತವೆ, ನಾಲ್ಕಾರು ವರ್ಷಗಳಲ್ಲಿ ಅಲ್ಲೊಂದು ಓಣಿ ಎದ್ದು ನಿಲ್ಲುತ್ತದೆ. ಅಂತೂರ ಬೆಂತೂರವಿರಲಿ, ಮುಂಡರಗಿ-ಶಿರಹಟ್ಟಿ ಕಡೆಯ ಯಾವ ಊರೇ ಇರಲಿ, ಹೊಸ ಓಣಿಯವರ ಮೊದಲನೆಯ ಬೇಡಿಕೆ ಒಂದೇ: ನಮ್ಮ ಕಡೆಗೂ ನಳದ ಪೈಪು ಎಳೆಯಿರಿ. ಬೇಡಿಕೆ ನ್ಯಾಯವಾದದ್ದು. ಆದರೆ ಪೈಪು ಬಂದ ಮಾತ್ರಕ್ಕೆ ನೀರು ಬಂತೆಂದು ತಿಳಿಯಬಾರದು. ಪೈಪು ಹುಗಿದು, ನಳ ಕೂಡ್ರಿಸಿ, ಕಾಯಿ ಒಡೆದ ಮೇಲೆ ಹೊಸ ಓಣಿಗೆ ನೀರು ಏರದೆ, ಹಳೆಯ ಓಣಿಯ ಕೊನೆಯ ಮನೆಗಳಿಗೂ ನಿಂತುಹೋಗುವದುಂಟು. ಆಮೇಲೆ ಎರಡೂ ಓಣಿಗಳಿಗೆ ಜಗಳ. ಅದರ ಬೇರು ಅಗೆಯುವ ಮೊದಲು ಹಾಕದೆ ಬಿಟ್ಟ ಲೆಕ್ಕದಲ್ಲಿರುತ್ತದೆ.

ಆ ಲೆಕ್ಕ ಕಠಿಣವಾದದ್ದೇನೂ ಅಲ್ಲ. 2019ರಲ್ಲಿ ಆರಂಭವಾದ ಜಲ ಜೀವನ ಮಿಶನ್ ಯೋಜನೆಯು ಹಳ್ಳಿಯಲ್ಲಿ ತಲೆಗೆ ದಿನಕ್ಕೆ 55 ಲೀಟರು ನೀರು ಎಂಬ ಅಳತೆಯನ್ನು ಇಟ್ಟಿದೆ. ನಿಮ್ಮ ಹೊಸ ಓಣಿಯಲ್ಲಿ 60 ಮನೆ, ಮನೆಗೆ ಐದು ಜನ ಎಂದು ಹಿಡಿಯಿರಿ. 300 ಜನಕ್ಕೆ ದಿನಕ್ಕೆ 16,500 ಲೀಟರು ಬೇಕಾಯಿತು. ದನಕರುಗಳ ಪಾಲು ಇದರಲ್ಲಿ ಸೇರಿಲ್ಲ. ಹಯನದ ಎಮ್ಮೆಯೊಂದು ಬೇಸಿಗೆಯಲ್ಲಿ ಒಬ್ಬ ಮನುಷ್ಯನ ಪಾಲಿನಷ್ಟು ನೀರನ್ನು ತಾನೇ ಕುಡಿಯುತ್ತದೆ. ಈಗಿರುವ ಟಾಕಿ 50,000 ಲೀಟರಿನದಾಗಿ, ದಿನಕ್ಕೊಮ್ಮೆ ತುಂಬಿ, ಹಳೆಯ ಊರಿಗೇ ಅದು ಸರಿಹೋಗುತ್ತಿದ್ದರೆ ಈ 16,500 ಲೀಟರು ಎಲ್ಲಿಂದ ಬರಬೇಕು? ಗ್ರಾಮ ಸಭೆಯಲ್ಲಿ ಪೈಪಿನ ಮಾತಿಗಿಂತ ಮೊದಲು ಇದನ್ನು ಕೇಳಿರಿ.

ಎರಡನೆಯದು ಎತ್ತರ. ನಳಕ್ಕಿಂತ ಟಾಕಿಯ ನೀರು 10 ಮೀಟರು ಮೇಲಿದ್ದರೆ ನಳದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡ ಸಿಗುತ್ತದೆ. ಹೊಸ ಓಣಿ ದಿಬ್ಬದ ಮೇಲಿದ್ದರೆ ದಿಬ್ಬದ ಎತ್ತರವಷ್ಟೂ ಇದರಲ್ಲಿ ಕಳೆಯುತ್ತದೆ. ಉಳಿದದ್ದನ್ನು ಪೈಪಿನ ಒಳಮೈಯ ತಿಕ್ಕಾಟ ತಿನ್ನುತ್ತದೆ. ಪೈಪು ಉದ್ದವಾದಷ್ಟೂ, ಸಣ್ಣದಾದಷ್ಟೂ ಹೆಚ್ಚು. ಎರಡಿಂಚಿನ ಪೈಪಿನಲ್ಲಿ ನಾಲ್ಕಿಂಚಿನ ಪೈಪಿನ ಅರ್ಧದಷ್ಟು ನೀರು ಹೋದೀತೆಂದು ಬಹಳ ಜನ ತಿಳಿಯುತ್ತಾರೆ. ಅದೇ ಒತ್ತಡದಲ್ಲಿ, ಅಷ್ಟೇ ದೂರಕ್ಕೆ, ನಿಜವಾಗಿ ಹೋಗುವದು ಸುಮಾರು ಆರನೆಯ ಒಂದು ಪಾಲು ಮಾತ್ರ. ಹಳೆಯ ಓಣಿಯ ತುದಿಯಲ್ಲಿರುವ ಸಣ್ಣ ಪೈಪಿಗೆ ಹೊಸ ಪೈಪನ್ನು ಗಂಟು ಹಾಕಿ ದುಡ್ಡು ಉಳಿಸಿದೆವೆನ್ನುವವರು ಈ ಮಾತನ್ನು ಲಕ್ಷ್ಯದಲ್ಲಿಡಬೇಕು. ಟಾಕಿಯಿಂದಲೇ ಬೇರೆ ಪೈಪು ತಂದು, ಅದಕ್ಕೆ ಬೇರೆ ವಾಲ್ವು ಹಾಕಿಸಿದರೆ ನೀರಗಂಟಿಯು ಎರಡೂ ಓಣಿಗಳಿಗೆ ಸರದಿಯಿಂದ ಸರಿಯಾಗಿ ಬಿಡಬಲ್ಲನು.

ಒತ್ತಡ ಸಾಲದ ಕಡೆ ಜನ ಮಾಡುವ ಉಪಾಯ ನಿಮಗೆ ಗೊತ್ತೇ ಇದೆ: ನಳಕ್ಕೆ ಮೋಟಾರು ಹಚ್ಚುವದು. ಒಬ್ಬನು ಹಚ್ಚಿದರೆ ಮರುದಿನ ನೆರೆಯವನೂ ಹಚ್ಚುತ್ತಾನೆ. ಮೋಟಾರಿಲ್ಲದ ಬಡವರ ಮನೆಯ ಹೆಣ್ಣುಮಕ್ಕಳು ಕೊಡ ಹಿಡಿದು ಕಾಯುತ್ತಾರೆ. ಅನ್ಯಾಯ ಅಷ್ಟಕ್ಕೇ ಮುಗಿಯುವದಿಲ್ಲ. ಮೋಟಾರು ಎಳೆದಾಗ ಪೈಪಿನೊಳಗೆ ಒತ್ತಡದ ಬದಲು ಸೆಳೆತ ಹುಟ್ಟುತ್ತದೆ. ಎಲ್ಲಿ ಬಿರುಕಿದೆಯೋ ಅಲ್ಲಿಂದ ಗಟಾರದ ನೀರು ಒಳಗೆ ಬರುತ್ತದೆ. ವಾಂತಿ-ಭೇದಿಯ ಬೇನೆ ಒಂದೇ ಓಣಿಯಲ್ಲಿ ಕಾಣಿಸಿಕೊಂಡರೆ ಮೊದಲು ಪೈಪಿನ ಒಡಕನ್ನು ಹುಡುಕಿಸಿರಿ.

ಒಡಕಿನ ಮಾತು ಬಂದಾಗ ನಮ್ಮ ಎರಿ ಭೂಮಿಯನ್ನು ನೆನೆಯಲೇಬೇಕು. ಎರಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಇದನ್ನು ರೈತನಿಗೆ ಎಂಜಿನಿಯರು ಹೇಳಿಕೊಡಬೇಕಾಗಿಲ್ಲ. ಮನೆಯ ಗೋಡೆಯನ್ನೇ ಸೀಳುವ ಆ ಮಣ್ಣು ಪೈಪಿನ ಕೂಡುಗಳನ್ನು ಬಿಟ್ಟೀತೇ? ಆದುದರಿಂದ ತಗ್ಗು ಸುಮಾರು ಒಂದು ಮೀಟರು ಆಳವಿರಬೇಕು. ಪೈಪಿನ ಕೆಳಗೂ ಸುತ್ತಲೂ ನಾಲ್ಕಾರು ಇಂಚು ಉಸುಕು ಅಥವಾ ಗರಸು ಹಾಸಬೇಕು. ಅಗೆದ ಎರಿ ಹೆಂಟೆಗಳನ್ನೇ ಪೈಪಿನ ಮೇಲೆ ತಳ್ಳಿ ಮುಚ್ಚುವದು ಗುತ್ತಿಗೆದಾರನಿಗೆ ಅಗ್ಗ, ನಿಮಗೆ ತುಟ್ಟಿ. ಆ ದಿನ ಹೊಲದ ಕೆಲಸ ಬಿಟ್ಟು ಓಣಿಯ ಇಬ್ಬರು ತಗ್ಗಿನ ಬದಿಯಲ್ಲಿ ನಿಂತರೆ ಕೂಲಿ ವ್ಯರ್ಥವಾಗದು.

ಹುಬ್ಬಳ್ಳಿ-ಧಾರವಾಡದ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ವಿಶ್ವ ಬ್ಯಾಂಕಿನ ಸಾಲದಿಂದ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ಬಡಾವಣೆಗಳಿಗೆ 2008ರ ಸುಮಾರಿಗೆ ದಿನವಿಡೀ ನೀರು ಕೊಡಲಾಯಿತು. ಅದು ತಲುಪಿದ್ದು ಆ ನಗರಗಳ ಜನರಲ್ಲಿ ಸುಮಾರು ಹತ್ತನೆಯ ಒಂದು ಪಾಲಿಗೆ. ಅಲ್ಲಿ ಹಳೆಯ ಪೈಪಿಗೆ ತೇಪೆ ಹಚ್ಚಲಿಲ್ಲ. ಬಡಾವಣೆಯನ್ನು ಬೇರ್ಪಡಿಸಿ, ಹೊಸ ಪೈಪುಗಳನ್ನು ಹಾಕಿ, ಮನೆಮನೆಗೆ ಮೀಟರು ಕೂಡ್ರಿಸಿದರು. ಪೈಪಿನಲ್ಲಿ ಸದಾ ಒತ್ತಡವಿದ್ದರೆ ಹೊರಗಿನ ಹೊಲಸು ಒಳಗೆ ಬರದು, ಮೋಟಾರಿನ ಅಗತ್ಯವೂ ಬೀಳದು. ನಮ್ಮ ಗದಗ-ಬೆಟಗೇರಿಗಾದರೋ ಮುಂಡರಗಿ ತಾಲೂಕಿನ ಹಮ್ಮಿಗಿ ಕಡೆಯಿಂದ ತುಂಗಭದ್ರೆಯ ನೀರನ್ನು ಎತ್ತಿ ತರಬೇಕು. ಅಷ್ಟು ದೂರದಿಂದ ವಿದ್ಯುತ್ತು ಖರ್ಚುಮಾಡಿ ತಂದ ನೀರು ಒಡಕಿನಲ್ಲಿ ಹರಿದುಹೋದರೆ ಆ ನಷ್ಟ ಯಾರ ತಲೆಗೆ?

ನೀರು ಸಾಲದೆಂದು ಹೊಸ ಬೋರನ್ನು ನೇರವಾಗಿ ಪೈಪಿಗೆ ಕೂಡಿಸುವಾಗ ಎಚ್ಚರಿಕೆಯಿರಲಿ. ನಮ್ಮ ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡು ಹೆಚ್ಚಾಗಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ, ಇನ್ನೂ ಹೆಚ್ಚಾದರೆ ಎಲುಬು-ಕೀಲುಗಳು ಬಿಗಿಯುತ್ತವೆ. ಕಾಯಿಸಿದರೆ ಅದು ಹೋಗದು. ಮೊದಲು ನೀರಿನ ಪರೀಕ್ಷೆ, ಆಮೇಲೆ ಪೈಪು.

ಹಣದ ವಿಷಯ. ಜಲ ಜೀವನ ಮಿಶನ್ ಊರೊಳಗಿನ ಕಾಮಗಾರಿಯ ವೆಚ್ಚದಲ್ಲಿ ಶೇಕಡಾ 10ರಷ್ಟನ್ನು ಊರವರು ಕೊಡಬೇಕೆಂದು ನಿಯಮವಿಟ್ಟಿತು. ಪರಿಶಿಷ್ಟರು ಅರ್ಧಕ್ಕಿಂತ ಹೆಚ್ಚಿರುವ ಊರಿಗೆ ಶೇಕಡಾ 5. ಹಣದ ಬದಲು ಸಾಮಾನು ಅಥವಾ ದುಡಿಮೆಯನ್ನೂ ಕೊಡಬಹುದು. ಗದಗ ತಾಲೂಕಿನವರಿಗೆ ಕೂಡಿ ಹಣ ಹಾಕುವದು ಹೊಸದಲ್ಲ: 1905ರಲ್ಲೇ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘ ಕಟ್ಟಿದ್ದರು.

ತಗ್ಗು ಮುಚ್ಚುವ ಮುನ್ನ ಪೈಪಿನಲ್ಲಿ ನೀರು ತುಂಬಿಸಿ, ಒತ್ತಡ ಕೊಟ್ಟು, ಕೂಡುಗಳು ಸೋರುವವೇ ಎಂದು ನಿಮ್ಮೆದುರಿಗೇ ನೋಡಿಸಿರಿ. ಪೈಪು ಎಲ್ಲಿ ಹೋಗಿದೆ, ವಾಲ್ವು ಯಾವ ಕಲ್ಲಿನಿಂದ ಎಷ್ಟು ಹೆಜ್ಜೆ ಎಂಬುದರ ನಕಾಶೆ ಬರೆಸಿ ಒಂದು ಪ್ರತಿಯನ್ನು ಪಂಚಾಯತಿಯಲ್ಲಿ, ಇನ್ನೊಂದನ್ನು ನೀರಗಂಟಿಯ ಕೈಯಲ್ಲಿ ಇಡಿಸಿರಿ.