ಚಾವಣಿ ಹತ್ತುವ ಮುನ್ನ

ಕರಿಘಟ್ಟದ ಶ್ರೀನಿವಾಸನ ದರ್ಶನಕ್ಕೆ ಹೋದವರು ಮೇಲೆ ನಿಂತು ಒಮ್ಮೆ ಸುತ್ತ ನೋಡಿರುತ್ತೀರಿ. ಕೆಳಗೆ ಲೋಕಪಾವನಿ ಹರಿದು ಕಾವೇರಿಯನ್ನು ಸೇರುತ್ತದೆ. ಬತ್ತ, ಕಬ್ಬಿನ ಗದ್ದೆಗಳ ನಡುವೆ ಊರುಗಳು. ಊರುಗಳಲ್ಲಿ ಹೆಂಚು, ಶೀಟು, ತಾರಸಿಯ ಚಾವಣಿಗಳು. ಬೆಟ್ಟ ಹತ್ತಲು ಹಿರಿಯರು ಮೆಟ್ಟಿಲು ಕಟ್ಟಿಸಿದರು. ಆದರೆ ನಮ್ಮ ಕೊಟ್ಟಿಗೆಯ ಮೇಲೆ ಹತ್ತಲು ನಾವು ಮಾಡಿಕೊಂಡಿರುವ ದಾರಿ ಯಾವುದು? ಕಿಟಕಿಯ ಸರಳು, ಗೋಡೆಯ ಮೂಲೆ, ಹುಲ್ಲಿನ ಮೆದೆ, ಇಲ್ಲವೇ ಗಳು ಸೀಳಿದ ಹಳೆಯ ಬಿದಿರು ಏಣಿ.

ನಮ್ಮ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಗುಡುಗು ಗಾಳಿಯೊಡನೆ ಮಳೆ ಬರುತ್ತದೆ. ಶೀಟು ಹಾರುತ್ತದೆ, ಹೆಂಚು ಜರುಗುತ್ತದೆ. ಕೆಳಗೆ ಹಸು ನೆನೆಯುತ್ತಿರುವಾಗ ಮನೆಯ ಯಜಮಾನ ಲುಂಗಿ ಎತ್ತಿ ಕಟ್ಟಿ ಮೇಲೆ ಹತ್ತುತ್ತಾನೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿ ಪೂರ್ತಿ ಸಲ್ಲುತ್ತದೆ. ಹತ್ತು ಅಡಿಯಿಂದ ಬಿದ್ದರೂ ಬೆನ್ನುಹುರಿಗೆ ಪೆಟ್ಟಾಗಿ, ದುಡಿಯುವ ಕೈ ಹಾಸಿಗೆ ಹಿಡಿಯಬಹುದು. ಶೀಟನ್ನು ಮತ್ತೆ ಕೊಳ್ಳಬಹುದು, ಬೆನ್ನುಮೂಳೆಯನ್ನು ಕೊಳ್ಳಲಾಗದು.

ಶೀಟು ನೆಲವಲ್ಲ

ಚಾವಣಿಯ ಅಂಚಿನಿಂದ ಜಾರಿ ಬೀಳುವ ಭಯ ಎಲ್ಲರಿಗೂ ಇದೆ. ಶೀಟು ಒಡೆದು ಅದರ ಮೂಲಕವೇ ಕೆಳಗೆ ಬೀಳುವ ಭಯ ಇಲ್ಲ. ಇದೇ ಹೆಚ್ಚು ಅಪಾಯಕರ. ಕಲ್ನಾರು ಸಿಮೆಂಟಿನ ಶೀಟಿನ ದಪ್ಪ ಸಾಮಾನ್ಯವಾಗಿ 6 ಮಿಲಿಮೀಟರು ಮಾತ್ರ. ಬಿಸಿಲು ಮಳೆಗೆ ಹಳತಾದಂತೆ ಅದು ಪೆಡಸಾಗುತ್ತದೆ, ಮುರಿಯುವ ಮುನ್ನ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಬೆಳಕಿಗೆಂದು ಹಾಕಿದ ಫೈಬರ್ ಶೀಟೂ ಹಾಗೆಯೇ. ಧೂಳು ಕೂತರೆ ಅದು ಎಲ್ಲಿದೆ ಎಂಬುದೂ ಕಾಣದು. ಬೋಲ್ಟಿನ ಸಾಲಿನ ಮೇಲೆ ನಡೆದರೆ ಕ್ಷೇಮ ಎಂದು ಕೆಲವರು ನಂಬಿದ್ದಾರೆ. ಬೋಲ್ಟಿನ ಕೆಳಗೆ ಅಡ್ಡತೊಲೆ ಇರುವುದು ನಿಜ. ಆದರೆ ಅದರ ಅಗಲ ಎರಡು ಮೂರು ಅಂಗುಲ. ಕಾಲು ಒಂದಿಷ್ಟು ತಪ್ಪಿದರೂ ಶೀಟಿನ ಮೇಲೆಯೇ ಭಾರ ಬೀಳುತ್ತದೆ.

ಆದುದರಿಂದ ಬರಿಯ ಶೀಟಿನ ಮೇಲೆ ಕಾಲಿಡಲೇಕೂಡದು. ಒಂದೂವರೆ ಅಡಿಗೆ ಕಡಿಮೆಯಿಲ್ಲದ ಅಗಲದ ಗಟ್ಟಿ ಹಲಗೆಗಳನ್ನು ಕನಿಷ್ಠ ಮೂರು ಅಡ್ಡತೊಲೆಗಳ ಮೇಲೆ ಭಾರ ಕೂರುವಂತೆ ಹಾಸಿ, ಜಾರದಂತೆ ಹಗ್ಗದಿಂದ ಬಿಗಿಯಿರಿ. ಕಾಲೂರಲು ಹಲಗೆಯ ಮೇಲೆ ಅಡ್ಡ ಪಟ್ಟಿಗಳನ್ನು ಹೊಡೆಯಿರಿ. ಎರಡು ಹಲಗೆ ಬೇಕೇಬೇಕು: ಒಂದರ ಮೇಲೆ ನಿಂತು ಇನ್ನೊಂದನ್ನು ಸರಿಸಬೇಕು. ಕಲ್ನಾರು ಶೀಟನ್ನು ಒಣಗಿರುವಾಗ ಕೊಯ್ಯಬೇಡಿ. ಅದರ ಪುಡಿ ಶ್ವಾಸಕೋಶಕ್ಕೆ ಕೇಡು.

ಕೆಳಗಿನಿಂದಲೇ ಆಗುವ ಕೆಲಸ

ಮೇಲೆ ಹತ್ತದಿರುವುದೇ ಎಲ್ಲಕ್ಕಿಂತ ಕ್ಷೇಮ. ಮಂಗಳೂರು ಹೆಂಚು ರೀಪರಿನ ಮೇಲೆ ಕೂತಿರುತ್ತದೆ. ಒಡೆದ ಒಂದೆರಡು ಹೆಂಚನ್ನು ಒಳಗಡೆಯಿಂದಲೇ, ಭದ್ರವಾದ ಸಾರವೆಯ ಮೇಲೆ ನಿಂತು, ಮೇಲಿನ ಹೆಂಚನ್ನು ಎತ್ತಿ ಬದಲಿಸಬಹುದು. ಹುಕ್ಕು ಬೋಲ್ಟು ಸಡಿಲವಾಗಿದೆಯೇ ಎಂಬುದನ್ನೂ ಕೆಳಗಿನಿಂದಲೇ ನೋಡಬಹುದು. ಈ ಪರೀಕ್ಷೆಯನ್ನು ಮಾರ್ಚ್ ತಿಂಗಳಲ್ಲೇ ಮುಗಿಸಿದರೆ ಮಳೆಯಲ್ಲಿ ಹತ್ತುವ ಪ್ರಮೇಯ ಬಾರದು.

ಆಲೆಮನೆಯವರಿಗೆ ಇನ್ನೊಂದು ಮಾತು. ಬೆಲ್ಲ ಇಳಿಸುವ ಹೊತ್ತಿಗೆ ಕೊಪ್ಪರಿಗೆಯ ಪಾಕದ ಬಿಸಿ ಸುಮಾರು 118 ಡಿಗ್ರಿ ಸೆಲ್ಸಿಯಸ್. ಒಲೆ ಉರಿಯುತ್ತಿರುವಾಗ ಆಲೆಮನೆಯ ಚಾವಣಿಗೆ ಯಾರನ್ನೂ ಹತ್ತಿಸಬೇಡಿ.

ಏಣಿ ಇಡುವ ಕ್ರಮ

1. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಏಣಿಯ ಬುಡ ಗೋಡೆಯಿಂದ ದೂರವಿರಲಿ. ಹನ್ನೆರಡು ಅಡಿ ಎತ್ತರಕ್ಕೆ ಮೂರು ಅಡಿ.

2. ಏಣಿಯ ತುದಿ ನೀವು ಇಳಿಯುವ ಜಾಗದಿಂದ ಮೂರು ಅಡಿ ಮೇಲೆ ಚಾಚಿರಲಿ. ಅದನ್ನು ಗೋಡೆಗೋ ತೊಲೆಗೋ ಒರಗಿಸಿ ಕಟ್ಟಿರಿ, ಶೀಟಿನ ಅಂಚಿಗಲ್ಲ.

3. ಬುಡ ಗಟ್ಟಿ ನೆಲದ ಮೇಲಿರಲಿ. ಸಗಣಿ, ಕೆಸರು, ಕಬ್ಬಿನ ಸಿಪ್ಪೆಯ ಮೇಲೆ ಏಣಿ ನಿಲ್ಲದು. ಕೆಳಗೆ ಒಬ್ಬರು ಹಿಡಿದಿರಲಿ.

4. ಕೈಯಲ್ಲಿ ಸಾಮಾನು ಹಿಡಿದು ಹತ್ತಬೇಡಿ. ಮೇಲೆ ಹೋದ ಮೇಲೆ ಹಗ್ಗದಿಂದ ಸೇದಿಕೊಳ್ಳಿ.

5. ವಿದ್ಯುತ್ ತಂತಿಯ ಹತ್ತಿರ ಅಲ್ಯೂಮಿನಿಯಂ, ಕಬ್ಬಿಣದ ಏಣಿ ಒಯ್ಯಬೇಡಿ.

ತಾರಸಿಯ ಮೇಲೆ ನೀರಿನ ತೊಟ್ಟಿ ಇಟ್ಟವರು, ಕೃಷ್ಣರಾಜಪೇಟೆ, ನಾಗಮಂಗಲದ ಕಡೆ ರಾಗಿ, ಕೊಬ್ಬರಿ ಒಣಗಿಸುವವರು ದಿನವೂ ಹತ್ತಿ ಇಳಿಯುತ್ತಾರೆ. ಅಂಥವರು ಗೋಡೆಗೆ ಕೂರಿಸಿದ, ಕೈಪಿಡಿಯುಳ್ಳ ಕಬ್ಬಿಣದ ಮೆಟ್ಟಿಲನ್ನೂ ಸುತ್ತ ಮೂರು ಅಡಿಯ ಅಡ್ಡಗೋಡೆಯನ್ನೂ ಮಾಡಿಸುವುದು ಲೇಸು.

ಆಳಿನ ಜೀವವೂ ಜೀವವೇ

ಎತ್ತರದಲ್ಲಿ ದುಡಿಯುವವನು ಬೀಳದಂತೆ ಏರ್ಪಾಡು ಮಾಡಬೇಕೆಂದು 1948ರ ಕಾರ್ಖಾನೆ ಕಾಯ್ದೆ ಕಾರ್ಖಾನೆಯವರಿಗೆ ವಿಧಿಸಿತ್ತು. ನಮ್ಮ ಕೊಟ್ಟಿಗೆಗೆ ತನಿಖೆಗೆ ಬರುವವರಿಲ್ಲ. ಕೂಲಿ ಕೊಟ್ಟು ಮೇಲೆ ಹತ್ತಿಸುವವರೇ ಇಲ್ಲಿ ತನಿಖೆಯವರು. “ನೋಡ್ಕೊಂಡು ಹತ್ತಪ್ಪ” ಎಂದರೆ ಸಾಲದು. ಹಲಗೆ, ಹಗ್ಗ, ಏಣಿ ನೀವೇ ಒದಗಿಸಬೇಕು. ಕುಡಿದವರನ್ನು, ತಲೆಸುತ್ತು ಬರುವವರನ್ನು, ಮಕ್ಕಳನ್ನು ಹತ್ತಿಸಕೂಡದು. 2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ 2022ರಿಂದ ವರ್ಷಕ್ಕೆ 20 ರೂಪಾಯಿ ಕಂತು. 18ರಿಂದ 70 ವಯಸ್ಸಿನವರು ಬ್ಯಾಂಕ್ ಖಾತೆಯ ಮೂಲಕ ಸೇರಬಹುದು. ಅಪಘಾತದಲ್ಲಿ ಮರಣವಾದರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ.

ಬಿದ್ದವರನ್ನು ಎತ್ತಿ ಕೂರಿಸಬೇಡಿ, ಬೈಕಿನ ನಡುವೆ ಕೂರಿಸಿ ಒಯ್ಯಬೇಡಿ. ಮುರಿದ ಮೂಳೆ ಬೆನ್ನುಹುರಿಯನ್ನು ಕತ್ತರಿಸೀತು. ತಲೆ, ಕುತ್ತಿಗೆ ಅಲುಗಾಡದಂತೆ ಹಿಡಿದು 108ಕ್ಕೆ ಕರೆ ಮಾಡಿ.

ಈ ವಾರವೇ ನಿಮ್ಮ ಏಣಿಯನ್ನು ಬಿಸಿಲಿಗೆ ತಂದು ಪರೀಕ್ಷಿಸಿರಿ. ಗಳು ಸೀಳಿದ್ದರೆ ಅದನ್ನು ಮೂಲೆಗೆ ಒರಗಿಸಿ ಇಡಬೇಡಿ, ಸೌದೆಗೆ ಹಾಕಿ. ಮೂಲೆಯಲ್ಲಿದ್ದರೆ ಮಳೆ ಬಂದ ದಿನ ಯಾರಾದರೂ ಅದನ್ನೇ ಎತ್ತಿಕೊಂಡು ಹೋಗುತ್ತಾರೆ.