ಎರಡನೆಯ ಪುಟದ ಒಂದು ಸಾಲು

ಕನ್ನಡ ಪುಸ್ತಕವೊಂದರ ಎರಡನೆಯ ಪುಟವನ್ನು ಸಾಮಾನ್ಯವಾಗಿ ಯಾರೂ ಓದುವುದಿಲ್ಲ. ಪ್ರಕಾಶಕರ ವಿಳಾಸ, ಮುದ್ರಣದ ವರ್ಷ, ಬೆಲೆ, ‘ಬಳಸಿದ ಕಾಗದ: 70 ಜಿ.ಎಸ್.ಎಂ. ಮ್ಯಾಪ್‌ಲಿಥೊ’ ಎಂಬಿತ್ಯಾದಿ ವಿವರಗಳ ನಡುವೆ ಅಲ್ಲೊಂದು ಸಣ್ಣ ಸಾಲಿರುತ್ತದೆ: ‘ಮುಖಪುಟ’ ಎಂದು ಬರೆದು, ಅದರ ಮುಂದೊಂದು ಹೆಸರು. ಮೂವತ್ತು ವರ್ಷಗಳಿಂದ ನನ್ನ ಜೀವನ ನಡೆದಿರುವುದು ಆ ಸಾಲಿನಲ್ಲಿ. ಬಂಟ್ವಾಳದಲ್ಲಿ ನೇತ್ರಾವತಿಗೆ ಅನತಿ ದೂರದ ಬಾಡಿಗೆ ಕೋಣೆಯೊಂದರಲ್ಲಿ ಕುಳಿತು, ಬೆಂಗಳೂರು, ಧಾರವಾಡ, ಮಂಗಳೂರುಗಳ ಪ್ರಕಾಶಕರಿಗೆ ಮುಖಪುಟ ಬರೆದುಕೊಡುತ್ತೇನೆ. ಅದಕ್ಕೆ ಮೊದಲು ಕೆಲಕಾಲ ಶಾಲೆಯಲ್ಲಿ ಚಿತ್ರಕಲೆ ಕಲಿಸಿದ್ದರಿಂದ ಊರಿನವರಿಗೆ ಈಗಲೂ ‘ಡ್ರಾಯಿಂಗ್ ಮಾಸ್ಟ್ರು’.

ಈ ಕೆಲಸದಲ್ಲಿ ಚಿತ್ರ ಬರೆಯುವುದಕ್ಕೆ ಹಿಡಿಯುವ ಸಮಯ ಕಡಿಮೆ. ಹೆಚ್ಚಿನ ಸಮಯ ಹೋಗುವುದು ಓದಿಗೆ, ಅದಕ್ಕೆ ಮಾತ್ರ ಯಾರೂ ಸಂಭಾವನೆ ಕೊಡುವುದಿಲ್ಲ. ‘ಕಥೆಯ ಸಾರಾಂಶ ಕಳಿಸುತ್ತೇನೆ, ಎರಡು ದಿನದಲ್ಲಿ ಮುಗಿಸಿಬಿಡಿ’ ಎಂದು ಪ್ರಕಾಶಕರು ಹೇಳುತ್ತಾರೆ. ಸಾರಾಂಶದಿಂದ ಬರೆದ ಚಿತ್ರ ಆ ಪುಸ್ತಕಕ್ಕೂ ಒಪ್ಪುತ್ತದೆ, ಇನ್ನೂ ಹತ್ತು ಪುಸ್ತಕಗಳಿಗೂ ಒಪ್ಪುತ್ತದೆ. ಆದ್ದರಿಂದ ಇಡೀ ಹಸ್ತಪ್ರತಿಯನ್ನು ತರಿಸಿಕೊಂಡು, ಪೆನ್ಸಿಲ್ ಕೈಯಲ್ಲಿ ಹಿಡಿಯದೆ ಒಮ್ಮೆ, ಹಿಡಿದು ಇನ್ನೊಮ್ಮೆ ಓದುವುದು ನನ್ನ ರೂಢಿ. ಎರಡನೆಯ ಓದಿನಲ್ಲಿ ಅಂಚಿನಲ್ಲಿ ಬೆಂಕಿಪೊಟ್ಟಣದ ಗಾತ್ರದ ಗೀಚುಚಿತ್ರಗಳು ಹುಟ್ಟುತ್ತವೆ. ಅವುಗಳಲ್ಲಿ ಬಹುತೇಕ ಕಸ.

ಆಮೇಲಿನದು ಲೆಕ್ಕಾಚಾರ. ಡೆಮಿ 1/8 ಆಕಾರದ ಇನ್ನೂರು ಪುಟದ ಪುಸ್ತಕವೆಂದರೆ ನೂರು ಹಾಳೆ; ಬೆನ್ನು ಸುಮಾರು ಒಂದು ಸೆಂಟಿಮೀಟರ್. ಕೊನೆಯ ಗಳಿಗೆಯಲ್ಲಿ ಲೇಖಕರು ಮುನ್ನುಡಿಗೆ ಹದಿನಾರು ಪುಟ ಸೇರಿಸಿದರೆ ಬೆನ್ನಿನ ಅಕ್ಷರ ಜರುಗಿ ಮುಖಕ್ಕೆ ಬಂದು ಕೂರುತ್ತದೆ. ಕನ್ನಡದ ಶೀರ್ಷಿಕೆಯೋ, ಮೇಲೂ ಬೆಳೆಯುತ್ತದೆ, ಕೆಳಗೂ ಬೆಳೆಯುತ್ತದೆ. ‘ಸ್ತ್ರ’ದಂಥ ಅಕ್ಷರದ ಕೆಳಗೆ ಎರಡು ಒತ್ತುಗಳು ನೇತಾಡುತ್ತಿದ್ದರೆ, ಎರಡನೆಯ ಸಾಲಿನ ಗುಡಿಸುಗಳು ಅವುಗಳಿಗೆ ಹೋಗಿ ಡಿಕ್ಕಿ ಹೊಡೆಯುತ್ತವೆ. ಸಿದ್ಧ ಫಾಂಟುಗಳನ್ನು ನಂಬದೆ ಎಷ್ಟೋ ಶೀರ್ಷಿಕೆಗಳನ್ನು ನಾನು ಇಂದಿಗೂ ಕೈಯಲ್ಲೇ ಬರೆಯುವುದು ಇದೇ ಕಾರಣಕ್ಕೆ. ಇಷ್ಟೆಲ್ಲ ಆದ ಮೇಲೂ ಕಂಪ್ಯೂಟರ್ ಪರದೆಯ ಮೇಲೆ ಬೆಳಗುತ್ತಿದ್ದ ದಾಸವಾಳದ ಕೆಂಪು, ಅಚ್ಚಿನ ನಾಲ್ಕು ಬಣ್ಣಗಳಿಗೆ ಇಳಿಯುವಾಗ ಒಣಗಿದ ಕುಂಕುಮದಂತಾಗಿಬಿಡುವುದುಂಟು.

ಕನ್ನಡದಲ್ಲಿ ಈ ಕೆಲಸಕ್ಕೆ ಒಳ್ಳೆಯ ಪರಂಪರೆಯೇ ಇದೆ. 1970ರ ‘ಸಂಸ್ಕಾರ’ ಚಿತ್ರಕ್ಕೆ ಕಲಾನಿರ್ದೇಶನ ಮಾಡಿದ ಎಸ್.ಜಿ. ವಾಸುದೇವ್ ನವ್ಯದ ಲೇಖಕರ ಪುಸ್ತಕಗಳಿಗೆ ಮುಖಪುಟ ಬರೆದರು. ನಮ್ಮ ನೆರೆಯ ಪುತ್ತೂರಿನ ಮೂಲದ ಚಂದ್ರನಾಥ ಆಚಾರ್ಯರ ರೇಖೆಗಳನ್ನು ನೋಡುತ್ತಲೇ ನನ್ನ ಕೈ ಪಳಗಿತು. 2004ರಲ್ಲಿ ವಸುಧೇಂದ್ರ ಅವರು ಛಂದ ಪುಸ್ತಕವನ್ನು ಆರಂಭಿಸಿದ ಮೇಲೆ ಅಪಾರ ಅವರ ವಿನ್ಯಾಸಗಳು ಹೊಸ ಓದುಗರ ಕಣ್ಣನ್ನೇ ಬದಲಿಸಿದವು. ಕನ್ನಡ ಪುಸ್ತಕ ಪ್ರಾಧಿಕಾರ ನೀಡುವ ಪುಸ್ತಕ ಸೊಗಸು ಬಹುಮಾನಗಳಲ್ಲಿ ಮುಖಪುಟಕ್ಕೂ ಪ್ರತ್ಯೇಕ ಸ್ಥಾನವಿದೆ.

ಆದರೆ ನನಗೆ ಹೆಚ್ಚು ಕಲಿಸಿದ್ದು ಇಲ್ಲಿಂದ ಒಂದು ಗಂಟೆಯ ಬಸ್ಸಿನ ದಾರಿಯಾಚೆಗಿನ ಮೂಡುಬಿದಿರೆ. ಅಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಧವಲಾ ಗ್ರಂಥಗಳ ತಾಳೆಗರಿಗಳಲ್ಲಿ 12ನೆಯ ಶತಮಾನದ ವರ್ಣಚಿತ್ರಗಳಿವೆ. ಪ್ರಾಕೃತದ ಪಠ್ಯ, ಹಳಗನ್ನಡ ಲಿಪಿ, ನಡುವೆ ಜಿನಮೂರ್ತಿಗಳು, ಯಕ್ಷಿಯರು, ಭಕ್ತರು. ನಾಲ್ಕು ಬೆರಳು ಅಗಲವೂ ಇಲ್ಲದ ಗರಿ. ಅದರಲ್ಲಿ ದಾರ ಪೋಣಿಸುವ ತೂತಿಗೆ ಜಾಗ ಬಿಡಬೇಕು, ಲಿಪಿಕಾರನ ಸಾಲುಗಳಿಗೆ ಬಿಡಬೇಕು, ಉಳಿದದ್ದು ಚಿತ್ರಕಾರನದು. ಬಾರ್‌ಕೋಡಿಗೂ ಬೆಲೆಗೂ ಲೇಖಕರ ಭಾವಚಿತ್ರಕ್ಕೂ ಜಾಗ ಬಿಟ್ಟು ಬರೆಯುವ ನನಗೆ ಅವನು ಹತ್ತಿರದ ಸಂಬಂಧಿಯಂತೆ ಕಾಣುತ್ತಾನೆ. ತಾನು ಚಿತ್ರಿಸುತ್ತಿರುವ ಯಕ್ಷಿ ಯಾರು, ಅವಳ ಕೈಯಲ್ಲಿ ಏನಿರಬೇಕು ಎಂಬುದು ಅವನಿಗೆ ಗೊತ್ತಿತ್ತು.

ನನಗೆ ಒಮ್ಮೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ, ತುಳುನಾಡಿನ ಭೂತಾರಾಧನೆಯ ಬಗೆಗಿನ ಪುಸ್ತಕವೊಂದಕ್ಕೆ ಅವಸರದಲ್ಲಿ ಮುಖಪುಟ ಬರೆದೆ. ಕೋಲವನ್ನು ಬಾಲ್ಯದಿಂದ ನೋಡಿದವನೆಂಬ ಧೈರ್ಯ. ಮೇಜಿನ ಮೇಲೆ ಪತ್ರಿಕೆಗಳಿಂದ ಕತ್ತರಿಸಿಟ್ಟ ಒಂದಷ್ಟು ಛಾಯಾಚಿತ್ರಗಳು. ಚಿತ್ರ ಚೆನ್ನಾಗಿಯೇ ಬಂದಿತು, ಪ್ರಕಾಶಕರು ಮೆಚ್ಚಿದರು. ಅಣಿ ಕಟ್ಟುವ ಹಿರಿಯರೊಬ್ಬರಿಗೆ ಪ್ರತಿಯೊಂದನ್ನು ಹೆಮ್ಮೆಯಿಂದಲೇ ಕೊಟ್ಟೆ. ಅವರು ಬಹಳ ಹೊತ್ತು ನೋಡಿ, ‘ಉಂದು ವಾ ದೈವ?’ ಎಂದು ಕೇಳಿದರು. ಇದು ಯಾವ ದೈವ? ನನ್ನಲ್ಲಿ ಉತ್ತರವಿರಲಿಲ್ಲ. ‘ಅಣಿ ನಮ್ಮದು, ಮುಖದ ಬರವಣಿಗೆ ಕಾಸರಗೋಡಿನ ಆಚೆಯ ತೆಯ್ಯಂದು. ಹೆಸರು ಹಿಡಿದು ಕರೆಯಲಿಕ್ಕೆ ಆಗುವುದಿಲ್ಲವಲ್ಲ ಮಾಸ್ಟ್ರೇ’ ಎಂದರು. ಸಿಟ್ಟಿರಲಿಲ್ಲ. ಅವರ ಮಟ್ಟಿಗೆ ಅಲ್ಲೊಂದು ಮುಖವಿತ್ತು, ಅದು ಯಾರದೂ ಆಗಿರಲಿಲ್ಲ. ಅಂದಿನಿಂದ ನಾನು ದೈವದ ಮುಖ ಬರೆದಿಲ್ಲ.

2022ರಲ್ಲಿ ‘ಕಾಂತಾರ’ ತೆರೆಕಂಡ ಬಳಿಕ ಕರಾವಳಿಯ ಕಥೆ ಎಂದರೆ ಸಾಕು, ಮುಖಪುಟಕ್ಕೆ ದೈವ ಬೇಕೆಂಬ ಬೇಡಿಕೆ ಶುರುವಾಯಿತು. ಪ್ರಕಾಶಕರೊಬ್ಬರು ಕಾದಂಬರಿಯೊಂದರ ಜೊತೆಗೆ ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವನ್ನೂ ಕಳಿಸಿ, ‘ಕೃತಕ ಬುದ್ಧಿಮತ್ತೆಯಿಂದ ಮಾಡಿಸಿದ್ದೇವೆ, ನೀವು ಅಕ್ಷರ ಕೂರಿಸಿದರೆ ಸಾಕು’ ಎಂದರು. ತೆಯ್ಯಂನ ಮುಡಿಯ ಹಿಂದೆ ನಮ್ಮ ಅಣಿ, ಸುತ್ತ ಬೆಂಕಿ, ಎಲ್ಲಿಯೂ ಇಲ್ಲದ ಒಂದು ಕಿರೀಟ. ನಗು ಬಂತು. ಮರುಕ್ಷಣ ನಗು ನಿಂತಿತು. ಕತ್ತರಿಸಿದ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ನಾನು ಮಾಡಿದ್ದೂ ಇದನ್ನೇ ಅಲ್ಲವೇ? ಯಂತ್ರ ಒಂದು ನಿಮಿಷದಲ್ಲಿ ಮಾಡಿದೆ, ನಾನು ಎರಡು ದಿನ ತೆಗೆದುಕೊಂಡಿದ್ದೆ.

ಹತ್ತು ದಿನ ಸಮಯ ಕೇಳಿ ಹಸ್ತಪ್ರತಿ ಓದಿದೆ. ಅದು ದೈವದ ಕಥೆಯೇ ಆಗಿರಲಿಲ್ಲ. ಅಳಿಯಸಂತಾನದ ಗುತ್ತಿನ ಮನೆಯೊಂದು ಪಾಲಾಗುವ ಕಥೆ. ಮುಂದೆ ಕೋಲದ ಖರ್ಚು ಯಾರದು ಎಂದು ತಂಗಿಯ ಮಕ್ಕಳು ಜಗಳಾಡುತ್ತಾರೆ, ಒಂದು ವರ್ಷ ಕೋಲ ನಿಲ್ಲುತ್ತದೆ. ಆ ಹಿರಿಯರು ಈಗಿಲ್ಲ. ಅವರ ಮನೆಗೆ ಹೋಗಿ ಮಗನ ಅನುಮತಿ ಕೇಳಿ, ಜಗಲಿಯ ಗೋಡೆಗೆ ಒರಗಿಸಿಟ್ಟಿದ್ದ ಅಣಿಯ ಬರೀ ಚೌಕಟ್ಟನ್ನು ಬರೆದುಕೊಂಡು ಬಂದೆ. ತೆಂಗಿನ ತಿರಿ ಕಟ್ಟಿರಲಿಲ್ಲ. ಹಗಲಿನ ಬೆಳಕು, ಬಿಳಿಗೋಡೆ, ಅದರ ಮೇಲೆ ಸೀಳುಗಳ ನೆರಳು. ಲೇಖಕಿ ಫೋನು ಮಾಡಿ, ತಾವು ಮುನ್ನೂರು ಪುಟಗಳಲ್ಲಿ ಹೇಳಲು ಹೆಣಗಿದ್ದು ಅದನ್ನೇ ಎಂದರು. ‘ಭೂತ ಎಲ್ಲಿ?’ ಎಂದು ಪ್ರಕಾಶಕರು ಕೇಳಿದರು. ಲೇಖಕಿ ಹಟ ಹಿಡಿದದ್ದರಿಂದ ಪುಸ್ತಕ ಹಾಗೆಯೇ ಅಚ್ಚಾಯಿತು.

ಮೊದಲ ಮುದ್ರಣ ಮುಗಿದು ಎರಡನೆಯದು ಬಂದಿರುವುದು ನನಗೆ ತಿಳಿದದ್ದು ಮಂಗಳೂರಿನ ಅಂಗಡಿಯೊಂದರಲ್ಲಿ. ಮುಖಪುಟದ ಮೇಲೆ ಬೆಂಕಿ, ಅಣಿ, ಮುಡಿ, ಆ ಕಿರೀಟ. ಪುಸ್ತಕ ಹೆಚ್ಚು ಮಾರಾಟವಾಗುತ್ತಿದೆಯೆಂದು ಅಂಗಡಿಯವರು ಸಂತೋಷದಿಂದ ಹೇಳಿದರು, ಇರಬಹುದು. ನಾನು ಎರಡನೆಯ ಪುಟ ತೆರೆದೆ. ಬೆಲೆ ಮೂವತ್ತು ರೂಪಾಯಿ ಏರಿತ್ತು. ಅದರ ಕೆಳಗೆ ‘ಮುಖಪುಟ’ ಎಂಬಲ್ಲಿ, ಮೊದಲಿನಂತೆಯೇ, ನನ್ನ ಹೆಸರು.

ಪ್ರಕಾಶಕರಿಗೆ ಪತ್ರ ಬರೆದಿದ್ದೇನೆ. ಹಣ ಕೇಳಿಲ್ಲ, ಚಿತ್ರ ಬದಲಿಸಿ ಎಂದೂ ಕೇಳಿಲ್ಲ, ಅದು ಅವರ ವ್ಯಾಪಾರ. ಮುಂದಿನ ಮುದ್ರಣದಲ್ಲಿ ಆ ಒಂದು ಸಾಲನ್ನು ತೆಗೆಯಬೇಕೆಂದಷ್ಟೇ ಕೇಳಿಕೊಂಡಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಅಣಿ ಕಟ್ಟುವವರ ಮನೆಗೆ ಮೊದಲ ಮುದ್ರಣದ ಪ್ರತಿಯನ್ನು ತಲುಪಿಸಿದ್ದೆ. ಎರಡನೆಯದು ಅವರ ಕಣ್ಣಿಗೆ ಬಿದ್ದಿದೆಯೋ ಇಲ್ಲವೋ, ಕೇಳುವ ಧೈರ್ಯವಾಗಿಲ್ಲ.