ವೈನ್ಸ್ ಅಂಗಡಿಯಲ್ಲಿ ವೈನ್ ಆರಿಸುವುದು

ಹೈದರಾಬಾದಿನಲ್ಲಿ ‘ವೈನ್ಸ್’ ಎಂಬ ಬೋರ್ಡಿಗೆ ಬರವಿಲ್ಲ, ಬರವಿರುವುದು ವೈನಿಗೆ. ಕೌಂಟರಿನ ಜಾಲರಿಯಾಚೆ ಕಣ್ಣು ಹಾಯಿಸಿದರೆ ವಿಸ್ಕಿ, ಬ್ರಾಂದಿ, ಬಿಯರು. ದ್ರಾಕ್ಷಿಯ ವೈನ್ ಇದ್ದರೆ ಮೇಲಿನ ಗೂಡಿನಲ್ಲಿ ನಾಲ್ಕೈದು ಬಾಟಲಿ. ಹಿಂದಿನಿಂದ ಜನ ನೂಕುತ್ತಿರುವಾಗ ಹೊಸಬರು ‘ಯಾವುದೋ ಒಂದು ಕೊಡಿ’ ಎಂದು ತಂದುಬಿಡುತ್ತಾರೆ. ಎಡವುವುದು ಅಲ್ಲೇ.

ತೆಲಂಗಾಣದಲ್ಲಿ ಅಂಗಡಿಗಳಿಗೆಲ್ಲ ಮದ್ಯ ಪೂರೈಸುವುದು ಸರ್ಕಾರದ್ದೇ ನಿಗಮ, ಮಾರುವುದು ಎಂಆರ್‌ಪಿಗೆ. ಹಾಗಾಗಿ ಅಗ್ಗಕ್ಕೆ ಎಲ್ಲಿ ಸಿಗುತ್ತದೆ ಎಂದು ಅಲೆಯುವುದು ವ್ಯರ್ಥ. ಬಾಟಲಿಯನ್ನು ಯಾರು ತಂಪಾಗಿ ಇಟ್ಟಿದ್ದಾರೆ ಎಂದು ನೋಡಿ ಅಂಗಡಿ ಆರಿಸಿ. ಒಳಗೆ ಓಡಾಡಿ, ಬಾಟಲಿಯನ್ನು ಕೈಯಲ್ಲಿ ಹಿಡಿದು ಓದಲು ಬಿಡುವ ಎಸಿ ಮಳಿಗೆಗೆ ಸ್ವಲ್ಪ ದೂರವಾದರೂ ಹೋಗುವುದು ಒಳ್ಳೆಯದು. ವಯಸ್ಸು ಮಾತ್ರ 21 ತುಂಬಿರಬೇಕು.

ತಂಪಿನ ಮಾತನ್ನು ಒತ್ತಿ ಹೇಳಲು ಕಾರಣವಿದೆ. ವಿಸ್ಕಿ ಸೆಕೆಯನ್ನು ತಡೆದುಕೊಳ್ಳುತ್ತದೆ, ವೈನ್ ತಡೆಯುವುದಿಲ್ಲ. ಅದಕ್ಕೆ ಹಿತವಾದದ್ದು 12ರಿಂದ 15 ಡಿಗ್ರಿ. ಇಲ್ಲಿಯ ಮೇ ತಿಂಗಳು 40 ದಾಟುತ್ತದೆ. ಒಂದು ಬೇಸಿಗೆಯಲ್ಲಿ ನಾನು ತಂದ ಕೆಂಪು ವೈನಿನ ಬಿರಡೆ ಬಾಟಲಿಯ ಬಾಯಿಂದ ಕಡಲೆಕಾಳಿನಷ್ಟು ಮೇಲೆದ್ದಿತ್ತು. ಕುತ್ತಿಗೆಗೆ ಸುತ್ತಿದ ಹಾಳೆ ಅಂಟಂಟಾಗಿತ್ತು. ಲಕ್ಷ್ಯ ಕೊಡದೆ ತೆರೆದೆ. ಹಣ್ಣಿನ ಘಮವೇ ಇರಲಿಲ್ಲ, ತಳ ಹಿಡಿದ ಜಾಮಿನ ವಾಸನೆ. ಒಳಗಿನ ದ್ರವ ಕಾದು ಹಿಗ್ಗಿ ಬಿರಡೆಯನ್ನು ತಳ್ಳಿತ್ತು. ಅಂದಿನಿಂದ ಮೊದಲು ಬಾಟಲಿಯ ಕುತ್ತಿಗೆಯ ಮೇಲೆ ಬೆರಳಾಡಿಸಿ ನೋಡುತ್ತೇನೆ. ಗಾಜಿನ ಕಿಟಕಿಯಲ್ಲಿ ಬಿಸಿಲಿಗೆ ನಿಂತದ್ದನ್ನು ಮುಟ್ಟುವುದೇ ಇಲ್ಲ. ಸಾಧಾರಣ ಅಂಗಡಿಯಾದರೆ ‘ಅನ್ನಾ, ಫ್ರಿಜ್‌ಲೋದಿ ಉಂದಾ?’ ಎಂದು ಕೇಳಿದರೆ ಸಾಕು. ತಿರುಗಿಸುವ ಮುಚ್ಚಳ ಕಂಡು ಅಗ್ಗದ ಮಾಲೆಂದು ತಿಳಿಯಬೇಡಿ, ಬೇಗ ಕುಡಿಯುವ ವೈನಿಗೆ ಅದೇ ಅನುಕೂಲ.

ಆಮೇಲೆ ಚೀಟಿ ಓದಿ. ಅದರ ಮೇಲಿನ ಇಸವಿ ದ್ರಾಕ್ಷಿ ಕೊಯ್ದ ವರ್ಷ. ನಮ್ಮಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಹೆಚ್ಚಾಗಿ ಜನವರಿಯಿಂದ ಮಾರ್ಚ್ ಒಳಗೆ. ಹಳೆಯದಾದಷ್ಟೂ ರುಚಿ ಎಂಬ ಮಾತು ಕೆಲವೇ ಕೆಂಪು ವೈನ್‌ಗಳಿಗೆ ಸಲ್ಲುತ್ತದೆ. ಬಿಳಿ ಮತ್ತು ಗುಲಾಬಿ ಬಣ್ಣದ ರೋಸೆ ವೈನಿನಲ್ಲಿ ಎರಡು ಮೂರು ವರ್ಷಕ್ಕಿಂತ ಹಿಂದಿನದನ್ನು ಬಿಟ್ಟುಬಿಡಿ. ಇಸವಿಯ ಪಕ್ಕದಲ್ಲಿ ದ್ರಾಕ್ಷಿಯ ಹೆಸರಿರುತ್ತದೆ. ಶೆನಾನ್ ಬ್ಲಾಂ ಮೃದು. ಸೋವಿನ್ಯಾನ್ ಬ್ಲಾಂ ಹುಳಿ ಮುಂದಾದದ್ದು. ಶಿರಾಜ್, ಕ್ಯಾಬರ್ನೆ ಒಗರು. ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿದಂತಾಗುತ್ತದಲ್ಲ, ಆ ಒಗರೇ; ಸಿಪ್ಪೆ ಬೀಜಗಳಿಂದ ಬರುವುದು. ‘ಡ್ರೈ’ ಎಂದರೆ ಸಿಹಿ ಇಲ್ಲದ್ದು, ಲೀಟರಿಗೆ ಸಾಮಾನ್ಯವಾಗಿ 4 ಗ್ರಾಂ ಒಳಗೆ ಸಕ್ಕರೆ. 45 ಗ್ರಾಂ ದಾಟಿದರೆ ‘ಸ್ವೀಟ್’. ಮೊದಲ ಸಲವೇ ಡ್ರೈ ಕೆಂಪು ತಂದು ‘ವೈನ್ ಅಂದ್ರೆ ಇಷ್ಟೇನಾ’ ಎಂದು ಮುಖ ಕಿವುಚಿದವರನ್ನು ಬಹಳ ಕಂಡಿದ್ದೇನೆ. ಶೆನಾನ್ ಬ್ಲಾಂನಿಂದ ಶುರು ಮಾಡಿ.

ಫ್ರಾನ್ಸಿನ ಹೆಸರಿಗೆ ಮರುಳಾಗಬೇಕಾಗಿಲ್ಲ. ಆಮದು ಸುಂಕವೆಲ್ಲ ಸೇರಿದ ಬೆಲೆಗೆ ಇಲ್ಲಿಯದೇ ಉತ್ತಮವಾದದ್ದು ಬರುತ್ತದೆ. ನಾಸಿಕದ ಸುಲಾ ಎಲ್ಲರಿಗೂ ಗೊತ್ತು. ನಂದಿಬೆಟ್ಟದ ಬುಡದಲ್ಲಿ ಗ್ರೋವರ್ ಕುಟುಂಬ 1988ರಲ್ಲೇ ಫ್ರೆಂಚ್ ತಳಿಗಳ ತೋಟ ಹಾಕಲು ಶುರುಮಾಡಿತು. ಇನ್ನೊಂದರ ಕತೆಯಂತೂ ಇದೇ ಊರಿನದು. ಹೈದರಾಬಾದಿನ ಔಷಧೋದ್ಯಮಿ ಕೃಷ್ಣಪ್ರಸಾದ್ ಚಿಗುರುಪಾಟಿ ಮತ್ತು ಉಮಾ ದಂಪತಿ ತೋಟ ಮಾಡಿದ್ದು ನಮ್ಮ ಕೊಪ್ಪಳ ಜಿಲ್ಲೆಯ ಹಂಪಿ ಸೀಮೆಯ ಗುಡ್ಡಗಳಲ್ಲಿ. ಇಬ್ಬರ ಹೆಸರು ಬೆಸೆದು ‘ಕೃಸ್ಮಾ’ ಎಂದು ಕರೆದರು. ತುಂಗಭದ್ರೆಯ ಸೀಮೆಯ ಕೆಂಪು ಮಣ್ಣಿನ ದ್ರಾಕ್ಷಿ ಬಾಟಲಿಯಾಗಿ ನಿಂತಿರುವುದನ್ನು ಕಂಡರೆ, ರಾಯಚೂರು ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮಂಥವರಿಗೆ ಊರಿನವರು ಸಿಕ್ಕಂತೆ.

ಬಿರಿಯಾನಿ, ಮಿರ್ಚಿ ಕಾ ಸಾಲನ್ ಜೊತೆಗೆ ಒಗರು ಕೆಂಪು ಬೇಡ. ಖಾರದ ಬಾಯಿಗೆ ಆಲ್ಕೋಹಾಲ್ ಬಿದ್ದರೆ ಉರಿ ಹೆಚ್ಚುತ್ತದೆ, ಒಗರು ಇನ್ನೂ ಕಟುವಾಗುತ್ತದೆ. ತಣ್ಣಗಿನ ರೋಸೆ ಅಥವಾ ತುಸು ಸಿಹಿಯಿರುವ ಬಿಳಿ ವೈನ್ ಖಾರವನ್ನು ಇಳಿಸುತ್ತದೆ.

750 ಮಿ.ಲೀ. ಬಾಟಲಿಯೆಂದರೆ ಐದು ಗ್ಲಾಸು. ಒಂದೇ ರಾತ್ರಿ ಮುಗಿಸುವ ಹಟ ಬೇಡ. ಬಿರಡೆ ಒತ್ತಿ ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿದರೆ ಮೂರು ದಿನ ಬರುತ್ತದೆ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ಅದು ಚಳಿ ದೇಶದ ಕೋಣೆ, 18 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ಹಾಲ್ ರಾತ್ರಿ ಒಂಬತ್ತಕ್ಕೂ 32 ಇರುತ್ತದೆ. ಕುಡಿಯುವ ಮುಂಚೆ ಕೆಂಪನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ.